ಸೀರೆ ಅಂಗಡಿ ಸೈಟಿಗೆ ಬ್ಯಾಕ್‌ಲಿಂಕ್ ಕೊಳ್ಳಬಹುದಾ?

ದುರ್ಗದ ಸೊಸೆ:
ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನಮ್ಮದು ಮೊಳಕಾಲ್ಮೂರು ರೇಷ್ಮೆ ಸೀರೆ ಅಂಗಡಿ, ಮಾವನವರ ಕಾಲದ್ದು. ಬೆಂಗಳೂರು, ಹುಬ್ಬಳ್ಳಿಯವರೂ ಫೋನಲ್ಲೇ ನೋಡಿ ತರಿಸಿಕೊಳ್ಳಲಿ ಅಂತ ವೆಬ್‌ಸೈಟ್ ಮಾಡಿಸಿದ್ದೇವೆ. ಗೂಗಲ್‌ನಲ್ಲಿ ಹುಡುಕಿದರೆ ಮೂರನೇ ಪುಟದಲ್ಲಿ ಎಲ್ಲೋ ಸಿಗುತ್ತೇವೆ. ಮೇಲೆ ಕೂತವರಲ್ಲಿ ಅರ್ಧ ಜನ ಮೊಳಕಾಲ್ಮೂರು ಕಡೆ ತಲೆ ಹಾಕಿಯೂ ಮಲಗಿರಲಿಕ್ಕಿಲ್ಲ!

ದಾವಣಗೆರೆಯವರೊಬ್ಬರು ಫೋನ್ ಮಾಡಿ, ನಿಮಗೆ ಬ್ಯಾಕ್‌ಲಿಂಕ್ ಇಲ್ಲ ಮೇಡಂ, ಅಂದರೆ ಬೇರೆ ಸೈಟಿನವರು ನಿಮ್ಮ ಸೈಟಿಗೆ ಕೊಡುವ ಲಿಂಕ್, ಅದಕ್ಕೇ ಹೀಗೆ, 6 ಸಾವಿರ ಕೊಟ್ಟರೆ 500 ಲಿಂಕ್ ಹಾಕಿಸುತ್ತೇವೆ, ಎಲ್ಲಾ ಡಿಎ (ಡೊಮೇನ್ ಅಥಾರಿಟಿ, ಸೈಟಿನ ತೂಕಕ್ಕೆ ಕೊಡುವ ಅಂಕವಂತೆ) 40ರ ಮೇಲಿನವು ಅನ್ನುತ್ತಿದ್ದಾರೆ. ಬೇರೆ ಸೈಟಿನಿಂದ ಲಿಂಕ್ ಬಂದರೆ ಮೇಲೆ ಹೋಗುವುದು ನಿಜವೇ? ನಿಜ ಅಂದಮೇಲೆ ಕೊಂಡರೆ ತಪ್ಪೇನು?

ಪಿಜೆ ಬಡಾವಣೆ ಕೋಡರ್:
ಬೇಡ ಅಕ್ಕ. ಆ ದುಡ್ಡಿಗೆ ಸೀರೆಗಳ ಒಳ್ಳೆ ಫೋಟೋ ತೆಗೆಸಿ.

ಲಿಂಕ್ ಮುಖ್ಯ ಅನ್ನೋದು ಸುಳ್ಳಲ್ಲ. ಗೂಗಲ್ ಹುಟ್ಟಿದ್ದೇ ಆ ಲೆಕ್ಕದ ಮೇಲೆ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದ ಪೇಜ್‌ರ್‍ಯಾಂಕ್ ಅದೇ. ನಿಮ್ಮ ಪುಟಕ್ಕೆ ಯಾರು ಲಿಂಕ್ ಕೊಟ್ಟಿದ್ದಾರೆ, ಕೊಟ್ಟವರಿಗೆ ಎಷ್ಟು ತೂಕ ಇದೆ ಅಂತ ನೋಡುತ್ತದೆ. ಸಂಬಂಧ ಬೆಳೆಸುವ ಮುಂಚೆ ಊರಲ್ಲಿ ನಾಲ್ಕು ಜನರನ್ನು ವಿಚಾರಿಸುತ್ತಾರಲ್ಲ, ಹಾಗೆ. ಮತ್ತೆ ಒಂದು ಪುಟದ ತೂಕ ಅದು ಕೊಟ್ಟ ಎಲ್ಲಾ ಲಿಂಕಿಗೂ ಹಂಚಿಹೋಗುತ್ತದೆ. ಕಂಡ ಕಂಡವರಿಗೆಲ್ಲ ಲಿಂಕ್ ಮಾರಿದ ಪುಟದಿಂದ ನಿಮ್ಮ ಪಾಲಿಗೆ ಏನು ಉಳಿಯುತ್ತದೆ ಹೇಳಿ?

ಮೊದಲು ಈ ಕೊಳ್ಳುವ ಆಟ ನಡೆಯುತ್ತಿತ್ತು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಅನ್ನುವ ಬದಲಾವಣೆ ತಂದಮೇಲೆ ಅಂಥ ಸೈಟುಗಳು ದಬದಬ ಕೆಳಗೆ ಬಿದ್ದವು. 2016ರಿಂದ ಅದು ಗೂಗಲ್‌ನ ಮೂಲ ಲೆಕ್ಕದಲ್ಲೇ ಸೇರಿಕೊಂಡಿದೆ, ಈಗ ಇಂಥ ಲಿಂಕನ್ನು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ 6 ಸಾವಿರ ನೀರಿಗೆ ಹೋಯಿತು. ಗ್ರಹಚಾರ ಕೆಟ್ಟರೆ ಗೂಗಲ್‌ನವರೇ ಕೂತು ನೋಡಿ ಮ್ಯಾನುಯಲ್ ಆ್ಯಕ್ಷನ್ ಅಂತ ದಂಡ ಹಾಕಿ ನಿಮ್ಮ ಸೈಟನ್ನು ಕೆಳಗೆ ತಳ್ಳುತ್ತಾರೆ, ಆಮೇಲೆ ಎಲ್ಲಾ ಸರಿಮಾಡಿ ಮತ್ತೆ ಪರಿಶೀಲಿಸಿ ಅಂತ ಅರ್ಜಿ ಹಾಕಿ ಕಾಯಬೇಕು.

ಇನ್ನು ಡಿಎ. ಅದು ಮಾಝ್ ಅನ್ನುವ ಕಂಪನಿಯ ಸ್ವಂತ ಅಂದಾಜು, ಗೂಗಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಮಿರ್ಚಿ ಮಂಡಕ್ಕಿ:
ಅಷ್ಟೊಂದು ಹೆದರಿಸಬೇಡ ಗುರು. ದುಡ್ಡು ಕೊಟ್ಟು ಹಾಕಿಸಿಕೊಂಡು ಆರಾಮಾಗಿ ಮೇಲೆ ಇರುವವರೂ ಇದ್ದಾರೆ. ಪತ್ರಿಕೆಗೆ ಜಾಹೀರಾತು ಕೊಡೋದಿಲ್ವಾ, ಇದೂ ಹಂಗೇ.

ಪಿಜೆ ಬಡಾವಣೆ ಕೋಡರ್:
ಜಾಹೀರಾತು ಕೊಡಿ, ಯಾರು ಬೇಡ ಅಂದರು? ಆ ಲಿಂಕಿನ ಕೋಡ್‌ನಲ್ಲಿ ಸ್ಪಾನ್ಸರ್ಡ್ (ದುಡ್ಡು ಕೊಟ್ಟದ್ದು) ಅಂತಲೋ ನೋಫಾಲೋ (ತೂಕಕ್ಕೆ ಹಿಡಿಯಬೇಡ) ಅಂತಲೋ ಗುರುತು ಹಾಕಿದರೆ ಗೂಗಲ್‌ನ ತಕರಾರಿಲ್ಲ. ಜನ ಒತ್ತಿ ಬರುತ್ತಾರೆ. ರ್‍ಯಾಂಕಿಂಗ್‌ಗೆ ಮಾತ್ರ ಅದನ್ನು ನಂಬಿಕೊಳ್ಳಬೇಡಿ. 500 ಲಿಂಕ್ ಮಾರುವವರು ಈ ಗುರುತು ಹಾಕುತ್ತಾರಾ ಕೇಳಿ ನೋಡು, ಫೋನ್ ಇಡುತ್ತಾರೆ.

ಹರಿಹರದಿಂದ:
ಅಕ್ಕ, ನಿಮಗೆ ಲಿಂಕ್ ಕೊಡುವವರು ನಿಮ್ಮ ಸುತ್ತಲೇ ಇದ್ದಾರೆ ನೋಡಿ. ನಿಮ್ಮ ಸೀರೆ ಉಟ್ಟ ಮದುಮಗಳ ಫೋಟೋ ತೆಗೆದವರಿಗೆ ಸೈಟ್ ಇರುತ್ತದೆ, ಸೀರೆ ಎಲ್ಲಿಯದು ಅಂತ ಅಲ್ಲೊಂದು ಸಾಲು ಬರೆಯಿರಿ ಅಂತ ಕೇಳಿ. ನೇಕಾರರ ಸಂಘಕ್ಕೆ ಸೈಟ್ ಇದ್ದರೆ ಅಲ್ಲಿ ಹಾಕಿಸಿ. ಕೋಟೆ ನೋಡೋಕೆ ಬಂದು ಪ್ರವಾಸದ ಬ್ಲಾಗ್ ಬರೆಯುವವರು ಎಷ್ಟೋ ಜನ, ದುರ್ಗದಲ್ಲಿ ಏನು ಕೊಳ್ಳಬೇಕು ಅನ್ನೋ ಕಡೆ ಅವರಿಗೆ ಬರೆಯೋಕೆ ಏನೂ ಇರೋದಿಲ್ಲ.

ಆದರೆ ಲಿಂಕ್ ಕೊಡೋಕೆ ನಿಮ್ಮ ಸೈಟಲ್ಲಿ ಏನಾದರೂ ಇರಬೇಕಲ್ವಾ? ನೋಡಿದೆ, ಬರೀ ಫೋಟೋ, ಬೆಲೆ. ಅಸಲಿ ಮೊಳಕಾಲ್ಮೂರು ಸೀರೆ ಗುರುತಿಸುವುದು ಹೇಗೆ, ಜಿಐ ಟ್ಯಾಗ್ ಅಂದರೇನು, ಸಿಲ್ಕ್ ಮಾರ್ಕ್ ಯಾಕೆ ನೋಡಬೇಕು ಅಂತ ಮಾವನವರ ಹತ್ತಿರ ಕೂತು ಕೇಳಿ ಒಂದು ಪುಟ ಬರೆಯಿರಿ, ಕನ್ನಡದಲ್ಲೇ. ಅಂಥದ್ದಕ್ಕೆ ಜನ ತಾವಾಗಿಯೇ ಲಿಂಕ್ ಕೊಡುತ್ತಾರೆ. ನಿಧಾನ ಆಗುತ್ತದೆ, ತಿಂಗಳುಗಟ್ಟಲೆ ಬೇಕು.

ದುರ್ಗದ ಸೊಸೆ:
ಇಬ್ಬರಿಗೂ ಥ್ಯಾಂಕ್ಸ್. ಇನ್ನೊಂದು ಡೌಟು. ಮೊದಲು ನಮ್ಮ ಸೈಟ್ ಡಾಟ್ ಇನ್ ಇತ್ತು, ಸೈಟ್ ಮಾಡುವವರು ಡಾಟ್ ಕಾಮ್ ಮಾಡಿಕೊಟ್ಟರು. ಡಾಟ್ ಇನ್ ಇದ್ದಾಗ ಒಂದು ಪತ್ರಿಕೆಯ ವೆಬ್‌ಸೈಟಿನಲ್ಲಿ ನಮ್ಮ ಬಗ್ಗೆ ಬಂದಿತ್ತು, ಒಬ್ಬ ಮೇಷ್ಟ್ರು ಬ್ಲಾಗ್‌ನಲ್ಲೂ ಬರೆದಿದ್ದರು. ಈಗ ಆ ಲಿಂಕ್ ಒತ್ತಿದರೆ ಪುಟ ಇಲ್ಲ ಅಂತ ಬರುತ್ತದೆ. ಹೋದದ್ದು ಹೋಯಿತಾ?

ಪಿಜೆ ಬಡಾವಣೆ ಕೋಡರ್:
ಅಯ್ಯೋ ಅಕ್ಕ, ಇದನ್ನು ಮೊದಲೇ ಹೇಳಬಾರದಾ! ಮನೆಯಲ್ಲೇ ಬಂಗಾರ ಇಟ್ಟುಕೊಂಡು ಅಂಗಡಿ ಅಲೆಯುತ್ತಿದ್ದೀರಿ.

ಡಾಟ್ ಇನ್ ಹೆಸರು ಇನ್ನೂ ನಿಮ್ಮ ಕೈಯಲ್ಲಿದೆಯಾ ನೋಡಿ, ಇದ್ದರೆ ಇವತ್ತೇ ರಿನ್ಯೂ ಮಾಡಿಸಿ. ಆಮೇಲೆ ಹಳೆಯ ಒಂದೊಂದು ಪುಟದಿಂದಲೂ ಅದರದ್ದೇ ಹೊಸ ಪುಟಕ್ಕೆ 301 ರೀಡೈರೆಕ್ಟ್ ಹಾಕಿಸಿ, ಅಂದರೆ ಹಳೆ ವಿಳಾಸ ಒತ್ತಿದವರು ತಾನಾಗಿ ಹೊಸದಕ್ಕೆ ಹೋಗುವ ಶಾಶ್ವತ ವ್ಯವಸ್ಥೆ. ಎಲ್ಲವನ್ನೂ ಹೋಮ್ ಪೇಜ್‌ಗೆ ತಳ್ಳಿಬಿಡುತ್ತಾರೆ ಕೆಲವರು, ಹಾಗೆ ಮಾಡಲು ಬಿಡಬೇಡಿ. ಸೈಟ್ ಮಾಲೀಕರಿಗೆ ಅಂತ ಗೂಗಲ್ ಕೊಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸುವ ಜಾಗ ಇದೆ, ಅಲ್ಲಿಯೂ ಹೇಳಿ. ಈ ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ ಅಂತ ಗೂಗಲ್ಲೇ ಹೇಳುತ್ತದೆ, ನಾನಾದರೆ ತೆಗೆಯುವುದೇ ಇಲ್ಲ. ಮೇಷ್ಟ್ರಿಗೆ ಒಂದು ಫೋನ್ ಮಾಡಿ ಲಿಂಕ್ ಬದಲಾಯಿಸಿ ಸರ್ ಅಂದರೆ ಐದು ನಿಮಿಷದ ಕೆಲಸ.