ತಿಂಗಳಿಗೆ 1,000 ರೂಪಾಯಿ ಎಸ್‌ಐಪಿ: ಖರ್ಚು ಕಡಿಮೆ ಇರೋ ದಾರಿ ಯಾವುದು?

ಹಾಸನದ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡ್ತೀನಿ. ಪೋಸ್ಟ್ ಆಫೀಸಲ್ಲಿ ತಿಂಗಳಿಗೆ ಸಾವಿರದಂತೆ ಕಟ್ತಿದ್ದ ಆರ್‌ಡಿಗೆ ಐದು ವರ್ಷ ತುಂಬಿ ದುಡ್ಡು ಕೈಗೆ ಬಂದಿದೆ. ಅದನ್ನ ಕಾಯಿಲೆ ಕಸಾಲೆ ಅಂತ ಬ್ಯಾಂಕಲ್ಲಿ ಎತ್ತಿಟ್ಟಿದ್ದೀನಿ, ಮುಟ್ಟಲ್ಲ. ಇನ್ಮೇಲೆ ಆ ತಿಂಗಳ ಸಾವಿರವನ್ನ ಎಸ್‌ಐಪಿಯಲ್ಲಿ, ಅಂದ್ರೆ ತಿಂಗಳ ಕಂತಿನಂತೆ, ಮ್ಯೂಚುವಲ್ ಫಂಡಿಗೆ ಹಾಕಬೇಕು ಅಂತಿದೆ. ಮಗಳು ಈಗ ಮೂರನೇ ಕ್ಲಾಸು, ಅವಳು ಡಿಗ್ರಿಗೆ ಸೇರೋ ಹೊತ್ತಿಗೆ ಬೇಕಾಗುತ್ತೆ.

ಬ್ಯಾಂಕಲ್ಲಿ ಕೇಳಿದ್ರೆ "ಇಲ್ಲೇ ಸೈನ್ ಮಾಡಿ ಮೇಡಂ, ಎಲ್ಲಾ ನಾವೇ ನೋಡ್ಕೋತೀವಿ, ಚಾರ್ಜ್ ಇಲ್ಲ" ಅಂದ್ರು. ಬೆಂಗಳೂರಲ್ಲಿರೋ ತಮ್ಮ ಡಿಮ್ಯಾಟ್ ಖಾತೆ (ಷೇರು, ಫಂಡು ಯೂನಿಟ್ ಇಡೋ ಎಲೆಕ್ಟ್ರಾನಿಕ್ ಖಾತೆ) ತೆಗಿ ಅಂತಾನೆ. ಜೊತೆಯ ಟೀಚರ್ ಒಬ್ಬರು ಫೋನಲ್ಲಿ ಒಂದು ಆ್ಯಪ್ ತೋರಿಸಿದ್ರು, ಅದೂ ಫ್ರೀ ಅಂತೆ. ಎಲ್ಲರದೂ ಫ್ರೀ ಆದ್ರೆ ಇವರ ಹೊಟ್ಟೆ ತುಂಬೋದು ಎಲ್ಲಿಂದ? ಸಣ್ಣ ಮೊತ್ತ ಕಟ್ಟೋರಿಗೆ ಇದರಲ್ಲಿ ಯಾವುದು ಸರಿ, ದಯವಿಟ್ಟು ಬಿಡಿಸಿ ಹೇಳಿ.

ತುಂಗಾತೀರ:
ಮೇಡಂ, ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಸಹಕಾರ ಸಂಘದ ಲೆಕ್ಕಪತ್ರ ನೋಡೋ ಕೆಲಸ ನಂದು, ಹಾಗಾಗಿ ಲೆಕ್ಕದಲ್ಲೇ ಹೇಳ್ತೀನಿ.

ಬ್ಯಾಂಕಿನವರು ಮಾಡಿಸೋದು ರೆಗ್ಯುಲರ್ ಪ್ಲಾನ್. ಅವರ ಕಮಿಷನ್ ಫಂಡಿನ ಖರ್ಚಿನೊಳಗೇ ಸೇರಿಕೊಂಡು ದಿನಾ ಎನ್‌ಎವಿಯಿಂದ (ಅಂದ್ರೆ ಫಂಡಿನ ಒಂದು ಯೂನಿಟ್ ಬೆಲೆಯಿಂದ) ಕಳೆದುಹೋಗುತ್ತೆ. ನಿಮ್ಮ ಪಾಸ್‌ಬುಕ್ಕಲ್ಲಿ ಒಂದು ಸಾಲೂ ಕಾಣಲ್ಲ, ಅದಕ್ಕೇ "ಚಾರ್ಜ್ ಇಲ್ಲ" ಅನ್ನೋಕೆ ಆಗೋದು. 2013ರ ಜನವರಿಯಿಂದ ಪ್ರತಿ ಫಂಡಿಗೂ ಡೈರೆಕ್ಟ್ ಪ್ಲಾನ್ ಇರಲೇಬೇಕು ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ ಇದೆ. ಅದೇ ಫಂಡು, ಅದೇ ಮ್ಯಾನೇಜರು, ಅದೇ ಷೇರುಗಳು, ಕಮಿಷನ್ ಮಾತ್ರ ಇಲ್ಲ. ಈಕ್ವಿಟಿ (ಷೇರುಗಳಲ್ಲಿ ಹಾಕೋ) ಫಂಡುಗಳಲ್ಲಿ ಎರಡರ ನಡುವೆ ವರ್ಷಕ್ಕೆ ಅರ್ಧದಿಂದ ಒಂದು ಪರ್ಸೆಂಟ್ ವ್ಯತ್ಯಾಸ ಸಾಮಾನ್ಯ. ತಿಂಗಳಿಗೆ 1,000ದಂತೆ ಒಂಬತ್ತು ವರ್ಷ ಕಟ್ಟಿದ್ರೆ ಅಸಲು 1,08,000. ಲೆಕ್ಕಕ್ಕೆ ಅಂತ ಒಂದು ಕಡೆ 11%, ಇನ್ನೊಂದು ಕಡೆ 10% ಬೆಳವಣಿಗೆ ಹಿಡಿಯಿರಿ (ಇಷ್ಟೇ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ): ಕೊನೆಗೆ ಸುಮಾರು 9,000 ರೂಪಾಯಿ ಫರಕು. ನಿಮ್ಮ ಒಂಬತ್ತು ತಿಂಗಳ ಕಂತು ಅದು.

ಇನ್ನು ಡಿಮ್ಯಾಟ್. ನಿಮ್ಮ ತಮ್ಮ ಹೇಳಿದ್ದು ತಪ್ಪಲ್ಲ, ಆದರೆ ಅವರ ಮೊತ್ತ ಬೇರೆ, ನಿಮ್ಮದು ಬೇರೆ. ಖಾತೆ ನಿರ್ವಹಣೆಗೆ ವರ್ಷಕ್ಕೆ 300 ರೂಪಾಯಿ ಅಂತಿಟ್ಟುಕೊಳ್ಳಿ, 18% ಜಿಎಸ್‌ಟಿ ಸೇರಿ 354. ಹತ್ತು ಲಕ್ಷ ಇಟ್ಟವರಿಗೆ ಅದು ಲೆಕ್ಕಕ್ಕೇ ಇಲ್ಲ. ಮೊದಲ ವರ್ಷ 12,000 ಕಟ್ಟೋ ನಿಮಗೆ ಅದು ಹತ್ತಿರ ಹತ್ತಿರ 3%! ಪರ್ಸೆಂಟ್ ಲೆಕ್ಕದ ಖರ್ಚಿಗಿಂತ ಈ ಗೊತ್ತುಪಡಿಸಿದ ಖರ್ಚೇ ಸಣ್ಣ ಹೂಡಿಕೆದಾರರನ್ನ ಜಾಸ್ತಿ ತಿನ್ನೋದು. ಡಿಮ್ಯಾಟ್ ಬೇಕೇ ಬೇಕು ಅಂದ್ರೆ ಬಿಎಸ್‌ಡಿಎ (ಸಣ್ಣ ಹೂಡಿಕೆದಾರರಿಗೆ ಇರೋ ಬೇಸಿಕ್ ಡಿಮ್ಯಾಟ್ ಖಾತೆ) ಮಾಡಿಕೊಡಿ ಅಂತ ಕೇಳಿ. ನಿಮ್ಮ ಹೆಸರಲ್ಲಿ ಒಂದೇ ಡಿಮ್ಯಾಟ್ ಇದ್ದು, ಅದರಲ್ಲಿರೋ ಮೌಲ್ಯ 4 ಲಕ್ಷ ದಾಟದಿದ್ರೆ ನಿರ್ವಹಣಾ ಶುಲ್ಕ ಇಲ್ಲ. 2024ರ ಸೆಪ್ಟೆಂಬರಿಂದ ಹೀಗಿದೆ.

ಆದರೆ ಮ್ಯೂಚುವಲ್ ಫಂಡಿಗೆ ಡಿಮ್ಯಾಟ್ ಬೇಕಾಗೇ ಇಲ್ಲ. ಫಂಡ್ ಕಂಪನಿಯ ಸ್ವಂತ ವೆಬ್‌ಸೈಟಲ್ಲೇ ಡೈರೆಕ್ಟ್ ಎಸ್‌ಐಪಿ ಶುರು ಮಾಡಬಹುದು, ಫೋಲಿಯೊ ನಂಬರ್ (ಆ ಕಂಪನಿಯಲ್ಲಿ ನಿಮ್ಮ ಖಾತೆ ಸಂಖ್ಯೆ) ಬರುತ್ತೆ, ಶುಲ್ಕ ಸೊನ್ನೆ. ನಾಲ್ಕೈದು ಕಂಪನಿಯ ಫಂಡು ಬೇಕು ಅನ್ನೋರಿಗೆ ಎಲ್ಲಾ ಒಂದೇ ಕಡೆ ಕೊಳ್ಳೋಕೆ ಎಂಎಫ್ ಯುಟಿಲಿಟೀಸ್ ಅನ್ನೋ ವೆಬ್‌ಸೈಟ್ ಇದೆ. ತಿಂಗಳಿಗೆ ಸಾವಿರ ಅಂದ್ರೆ ಒಂದು ಇಂಡೆಕ್ಸ್ ಫಂಡು (ಸೆನ್ಸೆಕ್ಸ್ ಥರದ ಸೂಚ್ಯಂಕದಲ್ಲಿರೋ ಷೇರುಗಳನ್ನೇ ಕೊಳ್ಳೋ ಫಂಡು) ಸಾಕು, ಹಾಗಾಗಿ ಒಂದು ವೆಬ್‌ಸೈಟೂ ಸಾಕು. ಮೊದಲ ಕಂತಿನ ಸ್ಟೇಟ್‌ಮೆಂಟಲ್ಲಿ 999.95 ಅಂತ ಇರುತ್ತೆ, ಗಾಬರಿಯಾಗಬೇಡಿ. ಆ ಐದು ಪೈಸೆ ಸ್ಟಾಂಪ್ ಡ್ಯೂಟಿ, 2020ರ ಜುಲೈಯಿಂದ ಎಲ್ಲರಿಗೂ ಇದೆ.

ಆ್ಯಪ್‌ಗಳಲ್ಲೂ ಡೈರೆಕ್ಟ್ ಪ್ಲಾನ್ ಫ್ರೀಯಾಗಿ ಸಿಗುತ್ತೆ. ಅವರ ಸಂಪಾದನೆ ಷೇರು ವಹಿವಾಟಿನ ಬ್ರೋಕರೇಜಿಂದ, ಕೆಲವರಿಗೆ ಸಾಲದಿಂದ. ಅದಕ್ಕೇ ಎಸ್‌ಐಪಿ ನೋಡೋಕೆ ಅಂತ ತೆರೆದರೆ ಟ್ರೇಡಿಂಗ್ ಮಾಡಿ, ಲೋನ್ ತಗೊಳ್ಳಿ ಅಂತ ಕರೀತಾ ಇರುತ್ತೆ. ಆ ಕಡೆ ಕೈ ಹಾಕಲ್ಲ ಅನ್ನೋ ಗಟ್ಟಿ ಮನಸ್ಸಿದ್ರೆ ಧಾರಾಳವಾಗಿ ಬಳಸಿ.

ಹುಬ್ಬಳ್ಳಿ ಮಂದಿ:
ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೇ ಐತ್ರಿ. ನಾ ಒಂದ ಮಾತು ಕೂಡಸ್ತೀನಿ. ಖಾಸಗಿ ಸಾಲ್ಯಾಗ ಪಗಾರ ಒಂದನೇ ತಾರೀಖಿಗೇ ಬರ್ತದ ಅನ್ನೂ ಗ್ಯಾರಂಟಿ ಇಲ್ಲ. ಎಸ್‌ಐಪಿ ತಾರೀಖು 5 ಇಟ್ಟು, ಪಗಾರ 8ಕ್ಕ ಬಂತು ಅಂದ್ರ ಖಾತ್ಯಾಗ ರೊಕ್ಕ ಇರಂಗಿಲ್ಲ, ಮ್ಯಾಂಡೇಟ್ (ಖಾತ್ಯಾಗಿಂದ ತಾನಾಗೇ ಕಂತು ತಗೊಳ್ಳಾಕ ನೀವು ಕೊಟ್ಟ ಒಪ್ಪಿಗಿ) ಬೌನ್ಸ್ ಆಕ್ಕೈತಿ. ಫಂಡಿನವರು ದಂಡ ಹಾಕಂಗಿಲ್ಲ, ನಿಮ್ಮ ಬ್ಯಾಂಕಿನವರು ಹಾಕ್ತಾರ. 250, 500 ರೂಪಾಯಿ, ಮ್ಯಾಲೆ ಜಿಎಸ್‌ಟಿ. ಸಾವಿರ ರೂಪಾಯಿ ಕಂತಿಗೆ ಅಷ್ಟು ದಂಡ ಕೊಟ್ರ ಡೈರೆಕ್ಟ್ ಪ್ಲಾನಿನ್ಯಾಗ ಉಳಿಸಿದ್ದೆಲ್ಲಾ ಒಂದ ದಿನದಾಗ ಹೋತು. ತಾರೀಖು 15 ಇಡ್ರಿ. ಕೈ ಬಿಗಿ ಇದ್ದ ತಿಂಗಳ ಮೊದಲ ಎಸ್‌ಐಪಿನ ಸ್ವಲ್ಪ ದಿನ ನಿಲ್ಲಿಸ್ರಿ (ಪಾಜ್), ಆ ಸವಲತ್ತು ಬಾಳ ಕಡೆ ಐತಿ. ಮೂರು ತಿಂಗಳ ಸಾಲಾಗಿ ಕಂತು ತಪ್ಪಿತಂದ್ರ ಎಸ್‌ಐಪಿನ ರದ್ದಾಕ್ಕೈತಿ.

ಉಡುಪಿ ವಿತರಕ:
ನಾನು ಎಆರ್‌ಎನ್ (ಮ್ಯೂಚುವಲ್ ಫಂಡ್ ಮಾರುವವರ ನೋಂದಣಿ ಸಂಖ್ಯೆ) ಇರುವ ವಿತರಕ, ಕಮಿಷನ್ನಿನಲ್ಲೇ ಜೀವನ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ತುಂಗಾತೀರ ಅವರ ಲೆಕ್ಕ ಸರಿ ಉಂಟು. ಆದರೆ 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 13% ಬಿದ್ದಾಗ ಎಸ್‌ಐಪಿ ನಿಲ್ಲಿಸಿ ಅಂತ ಫೋನ್ ಮಾಡಿದವರಿಗೆ ಸಮಾಧಾನ ಹೇಳಿ ಮುಂದುವರಿಸಿದ್ದು ನಮ್ಮಂಥವರು. ಹೆದರಿ ಮಧ್ಯದಲ್ಲಿ ತೆಗೆದರೆ ಆಗುವ ನಷ್ಟ ಒಂದು ಪರ್ಸೆಂಟಿಗಿಂತ ಎಷ್ಟೋ ದೊಡ್ಡದು. ಟೀಚರ್ ಅವರೇ, ಬಿದ್ದ ಮಾರುಕಟ್ಟೆಯಲ್ಲಿ ಒಬ್ಬರೇ ಕೂತು ತಡೆದುಕೊಳ್ಳಬಲ್ಲಿರಾದರೆ ಡೈರೆಕ್ಟಿಗೇ ಹೋಗಿ. ಇಲ್ಲ ಎಂದಾದರೆ ಊರಿನಲ್ಲೇ ಇದ್ದು ಫೋನ್ ಎತ್ತುವ ವಿತರಕರನ್ನು ಹುಡುಕಿ. ವರ್ಗಾವಣೆಯಾಗಿ ಹೋಗುವ ಬ್ಯಾಂಕಿನವರಿಂದ ಈ ಸೇವೆ ಸಿಗುವುದಿಲ್ಲ.

ತುಂಗಾತೀರ:
ಈ ಮಾತನ್ನ ನಾನು ಒಪ್ತೀನಿ. ಕೆಲಸ ಮಾಡಿ ಕಮಿಷನ್ ತಗೊಳ್ಳೋದು ತಪ್ಪೇನಲ್ಲ. ಕೊಡ್ತಾ ಇದ್ದೀವಿ ಅಂತ ಕೊಡೋರಿಗೆ ಗೊತ್ತಿರಬೇಕು, ಅಷ್ಟೇ ನನ್ನ ತಕರಾರು.

ಹಾಸನದ ಟೀಚರ್:
ಎಲ್ಲರಿಗೂ ತುಂಬಾ ಧನ್ಯವಾದ. ಫಂಡ್ ಕಂಪನಿಯ ವೆಬ್‌ಸೈಟಲ್ಲೇ ಮಾಡ್ತೀನಿ, 15ನೇ ತಾರೀಖು. ಮಾರುಕಟ್ಟೆ ಬಿದ್ರೆ ತಡ್ಕೋತೀನಿ ಅನ್ನೋ ಧೈರ್ಯ ಇದೆ, ಆರ್‌ಡಿ ದುಡ್ಡು ಪಕ್ಕಕ್ಕಿರೋದರಿಂದ. ಎರಡು ಅನುಮಾನ ಉಳಿದಿವೆ. ಜೊತೆಯ ಟೀಚರ್‌ಗೆ ಅವರ ಆ್ಯಪ್ ನಾಳೆ ಮುಚ್ಚಿಹೋದ್ರೆ ಅನ್ನೋ ಭಯ. ಮತ್ತೆ, ಬ್ಯಾಂಕಲ್ಲಿ ಕೆವೈಸಿ ಆಗಿದೆಯಲ್ಲ, ನನಗೆ ಅದೇ ಸಾಕಾ?

ತುಂಗಾತೀರ:
ಆ್ಯಪ್ ಮುಚ್ಚಿದ್ರೂ ಅವರ ಯೂನಿಟ್‌ಗಳಿಗೆ ಏನೂ ಆಗಲ್ಲ. ಅವರ ಹೆಸರು, ಪ್ಯಾನ್, ಯೂನಿಟ್ ಲೆಕ್ಕ ಇರೋದು ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಅನ್ನೋ ರಿಜಿಸ್ಟ್ರಾರ್ ಹತ್ರ. ಡಿಮ್ಯಾಟಲ್ಲಿದ್ರೆ ಡಿಪಾಸಿಟರಿ ಹತ್ರ. ರಿಜಿಸ್ಟ್ರಾರ್ ಇಬ್ಬರೂ ಸೇರಿ ನಡೆಸೋ ಎಂಎಫ್ ಸೆಂಟ್ರಲ್ ವೆಬ್‌ಸೈಟಲ್ಲಿ ಪ್ಯಾನ್ ಹಾಕಿ ನೋಡಿಕೊಳ್ಳೋಕೆ ಹೇಳಿ. ಹಾಗೇ ಫಂಡಿನ ಹೆಸರಲ್ಲಿ "ಡೈರೆಕ್ಟ್" ಅಂತ ಇದೆಯಾ, "ರೆಗ್ಯುಲರ್" ಅಂತ ಇದೆಯಾ ಅನ್ನೋದನ್ನೂ ಗಮನಿಸಲಿ. ರೆಗ್ಯುಲರ್ ಇದ್ರೆ ಒಂದೇ ಸಲ ಎಲ್ಲಾ ಬದಲಾಯಿಸೋದು ಬೇಡ, ಅದು ಮಾರಿ ಕೊಂಡ ಲೆಕ್ಕ. ಎಕ್ಸಿಟ್ ಲೋಡೂ (ಬೇಗ ತೆಗೆದರೆ ಹಿಡಿಯೋ ಶುಲ್ಕ) ತೆರಿಗೆಯೂ ಬರಬಹುದು. ಹೊಸ ಕಂತುಗಳನ್ನ ಡೈರೆಕ್ಟಿಗೆ ತಿರುಗಿಸಿದ್ರೆ ಸಾಕು.

ಬ್ಯಾಂಕ್ ಕೆವೈಸಿ ಸಾಲದು, ಫಂಡಿನ ಕೆವೈಸಿ ಬೇರೆ. ಫಂಡ್ ಕಂಪನಿಯ ವೆಬ್‌ಸೈಟಲ್ಲಿ ಪ್ಯಾನ್ ಹಾಕಿದ್ರೆ ಸ್ಥಿತಿ ತೋರಿಸುತ್ತೆ. "ವ್ಯಾಲಿಡೇಟೆಡ್" ಬಂದ್ರೆ ನೇರ ಮುಂದುವರಿಯಿರಿ. ಏನೂ ಇಲ್ಲ ಅಂದ್ರೆ ಆಧಾರ್ ಮೂಲಕ ಅಲ್ಲೇ ಮಾಡಬಹುದು, ಆಧಾರ್‌ಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಸೇರಿರಬೇಕು. ಪ್ಯಾನ್‌ನಲ್ಲೂ ಆಧಾರ್‌ನಲ್ಲೂ ಹೆಸರಿನ ಇನಿಷಿಯಲ್ ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿಟ್ಟುಕೊಳ್ಳಿ, ನಮ್ಮ ಕಡೆಯವರ ಅರ್ಜಿ ವಾಪಸ್ ಬರೋದು ಹೆಚ್ಚಾಗಿ ಅಲ್ಲೇ.