ದೊಡ್ಡ ರೀಫ್ ಟ್ಯಾಂಕ್‌ಗೆ (ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂಗೆ) ಹಿಂಡಾಗಿ ಈಜುವ ಮೀನು ಯಾವುದು?

ಪ್ರಶ್ನೆ: ನನ್ನದು 800 ಲೀಟರ್ ಟ್ಯಾಂಕ್, ಹವಳಗಳು ಚೆನ್ನಾಗಿ ಬೆಳೆಯುತ್ತಿವೆ. ಹಸಿರು ಕ್ರೋಮಿಸ್ ಬಿಡಲಾ, ಇಲ್ಲ ಆಂಥಿಯಾಸ್ ಒಳ್ಳೆಯದಾ?

ಉತ್ತರ: ಕ್ರೋಮಿಸ್ ನೋಡಲು ಚಂದ. ಆದರೆ ನಾನು ಒಂಬತ್ತು ಬಿಟ್ಟಿದ್ದೆ, ಬಲವಾದದ್ದು ಸಣ್ಣದನ್ನು ಅಟ್ಟಿ ಅಟ್ಟಿ ಕಚ್ಚಿ, ವರ್ಷ ತುಂಬುವಷ್ಟರಲ್ಲಿ ಉಳಿದದ್ದು ಎರಡೇ. ರೆಕ್ಕೆ ಹರಿದು ಪಂಪಿನ ಹಿಂದೆ ಅಡಗಿದ್ದ ಮೀನು ಇನ್ನೂ ಕಣ್ಣ ಮುಂದಿದೆ.

ಉತ್ತರ: ಲೈರ್‌ಟೇಲ್ ಆಂಥಿಯಾಸ್ ತಗೊಳ್ಳಿ. ಒಂದು ಗಂಡು, ಐದಾರು ಹೆಣ್ಣು, ಎಲ್ಲವನ್ನೂ ಒಟ್ಟಿಗೇ ಬಿಡಿ. ಗಂಡು ಸತ್ತರೆ ದೊಡ್ಡ ಹೆಣ್ಣೇ ಗಂಡಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ತಿನ್ನಿಸಲೇಬೇಕು, ಅದಕ್ಕೆ ಪುರುಸೊತ್ತು ಇದೆ ಅಲ್ವಾ? ಮೇಲೆ ಬಲೆ ಹಾಕಿ, ಹೊರಗೆ ಹಾರುತ್ತವೆ.

ಪ್ರಶ್ನೆ ಕೇಳಿದವರು: ಪುರುಸೊತ್ತು ಇದೆ. ಆಂಥಿಯಾಸೇ ಸರಿ, ಮೊದಲು ಬಲೆ ಹಾಕುತ್ತೇನೆ.