ಶ್ರೀಲಂಕಾಕ್ಕೆ ಸೈಕಲ್ ಮತ್ತು ಟ್ರೆಕ್ಕಿಂಗ್: ಒಂದು ವಾರದಲ್ಲಿ ಆಗುವ ಮಾತಾ?

ಮಲ್ಪೆ ಪೆಡಲ್:
ನಾನು ಉಡುಪಿಯವನು. ಭಾನುವಾರ ಮಲ್ಪೆಯಿಂದ ಕಾಪುವಿಗೆ, ಮನಸ್ಸಾದರೆ ಪಡುಬಿದ್ರಿವರೆಗೂ ಸೈಕಲ್ ಹೊಡೆಯುತ್ತೇನೆ. ನನ್ನ ದೋಸ್ತಿಗೆ ಸೈಕಲ್ ಅಷ್ಟಕ್ಕಷ್ಟೆ, ಬೆಟ್ಟ ಅಂದರೆ ಪ್ರಾಣ. ಏಪ್ರಿಲ್ ರಜೆಯಲ್ಲಿ ಇಬ್ಬರೂ ಶ್ರೀಲಂಕಾಕ್ಕೆ ಹೋಗುವ ಅಂತ ಉಂಟು. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ ಸೈಕಲ್, ಆಮೇಲೆ ಹಾರ್ಟನ್ ಪ್ಲೇನ್ಸ್ ಹುಲ್ಲುಗಾವಲಿನಲ್ಲಿ ನಡಿಗೆ, ಕೊನೆಗೆ ಶ್ರೀಪಾದ ಬೆಟ್ಟ. ಸ್ವಂತ ಸೈಕಲ್ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತಗೊಳ್ಳಬೇಕಾ? ಹೋಗಿ ಬಂದವರು ಹೇಳಿ ಮಾರಾಯ್ರೆ.

ಬಿಜೈ ಬಸ್‌ಸ್ಟ್ಯಾಂಡ್:
ತಾರೀಖು ನೋಡಿಕೊಳ್ಳಿ. ನಮಗೆ ಬಿಸು ಬರುವ ಹೊತ್ತಿಗೇ, ಏಪ್ರಿಲ್ 13-14ಕ್ಕೆ, ಅಲ್ಲಿ ಸಿಂಹಳ-ತಮಿಳು ಹೊಸ ವರ್ಷ. ಅಂಗಡಿ, ಹೋಟೆಲು ಬಾಗಿಲು ಹಾಕಿ ಊರಿಗೆ ಹೋಗುತ್ತಾರೆ. ಮಿಕ್ಕವರೆಲ್ಲ ತಂಪಿಗೆ ಅಂತ ನುವಾರ ಎಲಿಯಕ್ಕೆ! ರೂಮು ಸಿಕ್ಕರೂ ಕೈ ಸುಡುತ್ತದೆ. ಮೇ ಕೊನೆಗೆ ಹಾಕಿದರೆ ಮಳೆ. ನಮ್ಮ ಮುಂಗಾರು ಮೊದಲು ಹೊಡೆಯುವುದೇ ಅಲ್ಲಿಗೆ. ಫೆಬ್ರವರಿ, ಮಾರ್ಚ್ ಒಳ್ಳೆಯದು.

ಗಡಾಯಿಕಲ್ಲು:
ಆಗುತ್ತದೆ, ಆದರೆ ಮಧ್ಯೆ ಒಂದೆರಡು ದಿನ ಸುಮ್ನೆ ಕೂರಲು ಬಿಡಿ. ನಾನೂ ಗೆಳೆಯನ ಜೊತೆ ಇದೇ ದಾರಿಯಲ್ಲಿ ಹೋಗಿದ್ದೆ. ಅವನೂ ನಡೆಯುವ ಜಾತಿ.

ಕ್ಯಾಂಡಿ ಸುಮಾರು 500 ಮೀಟರ್ ಎತ್ತರ, ನುವಾರ ಎಲಿಯ 1868. ದಾರಿ ಎಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಕಾಪುವಿನ ಸಪಾಟು ರಸ್ತೆಯ ಕಾಲಿಗೆ ಇದು ಬೇರೆ ಲೋಕ. ರಂಬೊಡ ದಾಟಿದರೆ ಚಹಾ ತೋಟದ ನಡುವೆ ತಿರುವಿನ ಮೇಲೆ ತಿರುವು. ಈಗಷ್ಟೇ ನಮ್ಮನ್ನು ದಾಟಿದ ಕೆಂಪು ಬಸ್ಸು ಸ್ವಲ್ಪ ಹೊತ್ತಿಗೆ ನೆತ್ತಿಯ ಮೇಲೆ ಕಾಣುತ್ತದೆ. ಅಲ್ಲಿಗೂ ಹತ್ತಬೇಕಾ ಅಂತ ಎದೆ ಧಸಕ್ ಅನ್ನುತ್ತದೆ. ಮೊದಲು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ ನೋಡಿ. ಮೇಲೆ ಚಹಾ ಕುಡಿದು, ಇಳಿದು, ಮತ್ತೊಮ್ಮೆ ಹತ್ತುವ ಮನಸ್ಸಿದ್ದರೆ ನೀವು ತಯಾರು.

ನಿಮ್ಮ ದೋಸ್ತಿಯ ಚಿಂತೆ ನನಗಿಲ್ಲ, ನಿಮ್ಮದೇ ಚಿಂತೆ. ಸೈಕಲ್ ಹೊಡೆಯುವವರ ತೊಡೆ ತುಳಿಯುವುದಕ್ಕೆ ಗಟ್ಟಿ, ಮೆಟ್ಟಿಲು ಇಳಿಯುವುದಕ್ಕೆ ಅಲ್ಲ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಪೆಡಲ್ ತುಳಿದು ಆ ಅಭ್ಯಾಸ ಬರುವುದಿಲ್ಲ. ಶ್ರೀಪಾದ 2243 ಮೀಟರ್. ನಲ್ಲತಣ್ಣಿ ಕಡೆಯಿಂದ ಮೆಟ್ಟಿಲು ಐದು ಸಾವಿರಕ್ಕೂ ಜಾಸ್ತಿ. ನಮ್ಮ ಗಡಾಯಿಕಲ್ಲು ಬೆಟ್ಟದಲ್ಲಿ ಎರಡು ಸಾವಿರವೂ ಇಲ್ಲ! ನಡುರಾತ್ರಿ ಕಳೆದು ಹೊರಟು, ಮೇಲೆ ತಲುಪುವವರೆಗೆ ನಾನೇ ರಾಜ. ಸೂರ್ಯ ಹುಟ್ಟಿದಾಗ ಬೆಟ್ಟದ ನೆರಳು ತ್ರಿಕೋನವಾಗಿ ಮಂಜಿನ ಮೇಲೆ ಬೀಳುತ್ತದೆ, ಅದನ್ನು ತಪ್ಪಿಸಬೇಡಿ. ಇಳಿಯುವಾಗ ಮೊಣಕಾಲು ಗಡಗಡ. ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದ ನನ್ನನ್ನು ನೋಡಿ, ಬರಿಗಾಲಲ್ಲಿ ಹತ್ತುತ್ತಿದ್ದ ಅಜ್ಜಿಯೊಬ್ಬರು ನಕ್ಕೇ ಬಿಟ್ಟರು. ಮಾರನೇ ದಿನ ಹೋಟೆಲಿನ ಮೆಟ್ಟಿಲೂ ಹಿಮ್ಮುಖವಾಗಿ ಇಳಿದದ್ದು. ನೀವು ಶ್ರೀಪಾದ ಕೊನೆಗೆ ಇಟ್ಟದ್ದು ಸರಿ. ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆವರೆಗೆ ಯಾತ್ರೆಯ ಕಾಲ, ದಾರಿಯುದ್ದಕ್ಕೂ ದೀಪ, ಚಹಾ ಅಂಗಡಿ ಇರುತ್ತವೆ.

ಹಾರ್ಟನ್ ಪ್ಲೇನ್ಸ್‌ಗೆ ಸೈಕಲ್ ಬೇಡ, ಬೆಳಗಾಗುವ ಮೊದಲೇ ವ್ಯಾನ್ ಹಿಡಿಯಿರಿ. ಒಂಬತ್ತು-ಹತ್ತು ಗಂಟೆಗೆಲ್ಲ ವರ್ಲ್ಡ್ಸ್ ಎಂಡ್ ಪ್ರಪಾತವನ್ನು ಮಂಜು ಮುಚ್ಚುತ್ತದೆ. ಗೇಟಿನಲ್ಲಿ ಚೀಲ ಬಿಚ್ಚಿಸುತ್ತಾರೆ. ಬಿಸ್ಕೆಟಿನ ಪ್ಲಾಸ್ಟಿಕ್ ತೆಗೆಸುತ್ತಾರೆ, ನೀರಿನ ಬಾಟಲಿಯ ಲೇಬಲ್ ಕೂಡ ಕೀಳುತ್ತಾರೆ. ನಮ್ಮ ಕೊಡಚಾದ್ರಿಗೂ ಇಂಥವರು ನಾಲ್ಕು ಜನ ಬೇಕಿತ್ತು.

ಸುರತ್ಕಲ್ ಸ್ಪೋಕ್:
ಒಂದು ವಾರಕ್ಕಾದರೆ ಬಾಡಿಗೆಯೇ ಸಾಕು. ಸ್ವಂತ ಸೈಕಲ್ ಅಂದರೆ ಡಬ್ಬ ಕಟ್ಟಬೇಕು, ಬೆಂಗಳೂರಿನವರೆಗೆ ಹೊರಬೇಕು, ವಿಮಾನದವರಿಗೆ ಬೇರೆ ದುಡ್ಡು. ನಿಮ್ಮ ಸೀಟು ಮತ್ತು ಪೆಡಲ್ ಮಾತ್ರ ಒಯ್ಯಿರಿ. ಮೈ ಅದಕ್ಕೆ ಒಗ್ಗಿರುತ್ತದೆ, ಅಲ್ವಾ? ಎಡಗಡೆ ಪೆಡಲಿನ ತಿರುಪು ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಜೋರು ಹಾಕಿದರೆ ಇನ್ನೂ ಬಿಗಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇರಬೇಡಿ. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬು ಒಡೆಯಬಹುದು. ತಿರುವಿಗೆ ಮೊದಲೇ ಗಟ್ಟಿಯಾಗಿ ಒತ್ತಿ, ಬಿಡಿ.

ಮಲ್ಪೆ ಪೆಡಲ್:
ಮಾರ್ಚ್‌ಗೆ ಬದಲಾಯಿಸಿದೆವು, ಸೈಕಲ್ ಬಾಡಿಗೆಗೆ. ಗಡಾಯಿಕಲ್ಲು ಅಣ್ಣನ ಅಜ್ಜಿ ಕಥೆ ಓದಿ ದೋಸ್ತಿ ಬಿದ್ದು ಬಿದ್ದು ನಗುತ್ತಿದ್ದಾನೆ. ಅವನು ಈರುಳ್ಳಿ ಕೂಡ ತಿನ್ನದ ಮನೆಯವನು. ಊಟಕ್ಕೆ ಎಂತ ಮಾಡುವುದು?

ಗಡಾಯಿಕಲ್ಲು:
ಬೆಳಿಗ್ಗೆ ಒತ್ತು ಶ್ಯಾವಿಗೆ ಸಿಗುತ್ತದೆ, ಜೊತೆಗೆ ಬೇಳೆಯ ಪರಿಪ್ಪು, ತೆಂಗಿನಕಾಯಿಯ ಪೊಲ್ ಸಂಬೋಲ. ಸಂಬೋಲಕ್ಕೆ ಒಣಮೀನಿನ ಚೂರು ಹಾಕುವುದುಂಟು, ಈರುಳ್ಳಿಯಂತೂ ಎರಡರಲ್ಲೂ ಗ್ಯಾರಂಟಿ. ಅವನಿಗೆ ಬರೀ ಶ್ಯಾವಿಗೆ, ಬಾಳೆಹಣ್ಣು, ಮೊಸರು. ಅವನ ಪಾಲಿನ ಸಂಬೋಲ ನಿಮಗೆ.